ವಿದ್ಯುನ್ಮಾನ ಶ್ರುತಿಪೆಟ್ಟಿಗೆಯ ಮಾರ್ಪಾಡು

ವಿದ್ಯುನ್ಮಾನ ಶ್ರುತಿಪೆಟ್ಟಿಗೆಯ ಮಾರ್ಪಾಡು ಎಂದರೆ ಗಾಯನ ಮತ್ತು ವಾದನಗಳಿಗೆ ಆಧಾರಶ್ರುತಿಯನ್ನು ಒದಗಿಸುವ ವಿದ್ಯುನ್ಮಾನ ಉಪಕರಣದ ವಿದ್ಯುನ್ಮಂಡಲ, ಸ್ಪೀಕರ್ ಅಥವಾ ವಿದ್ಯುತ್ ಪೂರೈಕೆಯನ್ನು ತಯಾರಕರ ಮೂಲ ವಿನ್ಯಾಸಕ್ಕಿಂತ ಭಿನ್ನವಾಗಿ ಬದಲಾಯಿಸುವುದು. ಕೆಟ್ಟ ಭಾಗವನ್ನು ಅದೇ ಗುಣಮಾನದ ಭಾಗದಿಂದ ಬದಲಿಸಿ ಉಪಕರಣವನ್ನು ಮೊದಲಿನ ಸ್ಥಿತಿಗೆ ತರುವುದು ದುರಸ್ತಿ ಎನಿಸಿಕೊಳ್ಳುತ್ತದೆ. ಮೂಲದಲ್ಲಿ ಇಲ್ಲದ ಸೌಲಭ್ಯವನ್ನು ಸೇರಿಸುವುದು ಮಾರ್ಪಾಡು. ಮಾರ್ಪಾಡು ಬೇಕೇ ಬೇಡವೇ ಎಂಬ ನಿರ್ಧಾರವು ಮುಖ್ಯವಾಗಿ ಎರಡು ಅಂಶಗಳನ್ನು ಅವಲಂಬಿಸಿದೆ: ಬದಲಾವಣೆಯು ಶ್ರುತಿಯ ಸ್ಥಿರತೆಯನ್ನು ಮುಟ್ಟುತ್ತದೆಯೇ, ಮತ್ತು ಅದನ್ನು ಬೇಡವೆನಿಸಿದಾಗ ಹಿಂದಿನ ಸ್ಥಿತಿಗೆ ಮರಳಿಸಲು ಸಾಧ್ಯವೇ.

ಹಿನ್ನೆಲೆ

ತಂಬೂರಿ, ತಿದಿಯ ಶ್ರುತಿಪೆಟ್ಟಿಗೆ ಮತ್ತು ಹಾರ್ಮೋನಿಯಂಗಳು ಮಾಡುತ್ತಿದ್ದ ಕೆಲಸವನ್ನು ವಿದ್ಯುನ್ಮಾನ ಉಪಕರಣಕ್ಕೆ ವಹಿಸಿದ ಕೀರ್ತಿ ಬೆಂಗಳೂರಿನ ಎಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರಿಗೆ ಸಲ್ಲುತ್ತದೆ. 1979ರಲ್ಲಿ ಅವರು ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು; ಅವರು ಸ್ಥಾಪಿಸಿದ ರಾಡೆಲ್ ಸಂಸ್ಥೆಯು ಇಂತಹ ಉಪಕರಣಗಳನ್ನು ತಯಾರಿಸುತ್ತ ಬಂದಿದೆ. ಯಕ್ಷಗಾನದಲ್ಲಿ ಹಿಂದೆ ಪುಂಗಿಯೂ ಬಳಿಕ ಹಾರ್ಮೋನಿಯಂ ಶ್ರುತಿಯೂ ಬಳಕೆಯಲ್ಲಿದ್ದವು. ಈಗ ಹಿಮ್ಮೇಳದಲ್ಲಿ ವಿದ್ಯುನ್ಮಾನ ಶ್ರುತಿ ಸಾಮಾನ್ಯವಾಗಿದೆ.

ವಿದ್ಯುನ್ಮಾನ ವಾದ್ಯಗಳನ್ನು ಬಳಕೆದಾರರೇ ಬದಲಾಯಿಸುವ ಪ್ರವೃತ್ತಿ ಇತರ ದೇಶಗಳಲ್ಲಿಯೂ ಇದೆ. ಅಮೆರಿಕದ ರೀಡ್ ಗಜಾಲಾ ಅವರು 1960ರ ದಶಕದಲ್ಲಿ ಆರಂಭಿಸಿದ 'ಸರ್ಕ್ಯೂಟ್ ಬೆಂಡಿಂಗ್' ಎಂಬ ಪದ್ಧತಿಯಲ್ಲಿ ಬ್ಯಾಟರಿಚಾಲಿತ ಆಟಿಕೆ ಹಾಗೂ ವಾದ್ಯಗಳ ಮಂಡಲಗಳನ್ನು ಉದ್ದೇಶಪೂರ್ವಕವಾಗಿ ಬೆಸೆದು ಅನಿರೀಕ್ಷಿತ ಧ್ವನಿಗಳನ್ನು ಪಡೆಯಲಾಗುತ್ತದೆ. ಶ್ರುತಿಪೆಟ್ಟಿಗೆಯ ಅಗತ್ಯ ಇದಕ್ಕೆ ತದ್ವಿರುದ್ಧ. ಅದರಿಂದ ಬಯಸುವುದು ಬದಲಾಗದ ನಾದವನ್ನು.

ಶ್ರುತಿಯ ನಿಖರತೆ

ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರವನ್ನು 100 ಸೆಂಟ್ ಎಂದು ಗಣಿಸಲಾಗುತ್ತದೆ. ಆವರ್ತನದಲ್ಲಿ ಶೇ. 1ರಷ್ಟು ವ್ಯತ್ಯಾಸವಾದರೆ ಶ್ರುತಿ ಸುಮಾರು 17 ಸೆಂಟ್ ಸರಿಯುತ್ತದೆ. ಸರಳ ಆಂದೋಲಕ ಮಂಡಲಗಳಲ್ಲಿ ಆವರ್ತನವು ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳ ಮೌಲ್ಯಕ್ಕೆ ವಿಲೋಮವಾಗಿರುತ್ತದೆ. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಕಾರ್ಬನ್ ಫಿಲ್ಮ್ ರೆಸಿಸ್ಟರ್‌ನ ಮೌಲ್ಯ ಶೇ. 5ರವರೆಗೆ ಹೆಚ್ಚು ಕಡಿಮೆ ಇರಬಹುದು. ಅಂತಹ ಒಂದೇ ಭಾಗದ ಬದಲಾವಣೆಯಿಂದ ಶ್ರುತಿ 84 ಸೆಂಟ್‌ನಷ್ಟು, ಅಂದರೆ ಬಹುತೇಕ ಒಂದು ಮನೆಯಷ್ಟು, ತಪ್ಪಬಹುದು. ಸ್ಫಟಿಕ ಆಂದೋಲಕವನ್ನು ಆಧರಿಸಿದ ಡಿಜಿಟಲ್ ಉಪಕರಣಗಳಲ್ಲಿ ಶ್ರುತಿ ಹೆಚ್ಚು ಸ್ಥಿರವಾಗಿರುತ್ತದೆ. ಆದರೆ ಅವುಗಳ ಧ್ವನಿಯು ಚಿಪ್‌ನೊಳಗಿನ ದತ್ತಾಂಶದಿಂದ ಹುಟ್ಟುವುದರಿಂದ ಹೊರಗಿನ ಬೆಸುಗೆಯಿಂದ ಬದಲಾಯಿಸಬಹುದಾದದ್ದು ಕಡಿಮೆ.

ಯಕ್ಷಗಾನದಲ್ಲಿ ಮದ್ದಳೆಯನ್ನು ಭಾಗವತರ ಶ್ರುತಿಗೆ ಹೊಂದಿಸಿಕೊಳ್ಳಲಾಗುತ್ತದೆ. ಪ್ರಸಂಗದ ನಡುವೆ ಶ್ರುತಿಪೆಟ್ಟಿಗೆಯ ನಾದ ಜಾರಿದರೆ ಭಾಗವತರ ಧ್ವನಿಗೂ ಮದ್ದಳೆಗೂ ಒಟ್ಟಿಗೇ ತೊಡಕಾಗುತ್ತದೆ. ಆದ್ದರಿಂದ ಆಂದೋಲಕ ಭಾಗವನ್ನು ಮುಟ್ಟುವ ಮಾರ್ಪಾಡು ಉಳಿದವುಗಳಿಗಿಂತ ಹೆಚ್ಚು ಅಪಾಯಕಾರಿ.

ಸಾಮಾನ್ಯ ಮಾರ್ಪಾಡುಗಳು

ಹೊರಸಂಪರ್ಕ: ಧ್ವನಿವರ್ಧಕ ವ್ಯವಸ್ಥೆಗೆ ನೇರವಾಗಿ ಜೋಡಿಸಲು ಸ್ಪೀಕರ್ ತಂತಿಗಳಿಂದ ಹೊರಸಂಪರ್ಕ ತೆಗೆಯುವುದು ಹೆಚ್ಚು ಬಳಕೆಯಲ್ಲಿರುವ ಬದಲಾವಣೆ. ಕೆಲವು ಆಂಪ್ಲಿಫಯರ್ ಚಿಪ್‌ಗಳಲ್ಲಿ ಸ್ಪೀಕರ್‌ನ ಎರಡೂ ತುದಿಗಳಿಗೆ ಸಂಕೇತ ಹರಿಯುತ್ತದೆ. ಯಾವ ತುದಿಯೂ ಭೂಸಂಪರ್ಕದ್ದಲ್ಲ. ಅಂತಹ ತುದಿಯನ್ನು ಮಿಕ್ಸರ್‌ನ ಭೂತಂತಿಗೆ ಜೋಡಿಸಿದರೆ ಚಿಪ್ ಸುಡಬಹುದು. ಮಿಕ್ಸರ್‌ನಲ್ಲಿ ಮೈಕ್‌ಗಳಿಗೆ ನೀಡುವ 48 ವೋಲ್ಟ್ ಪೂರೈಕೆಯೂ ಹೊರಸಂಪರ್ಕದ ಮೂಲಕ ಹಿಂದಕ್ಕೆ ಬಂದು ಹಾನಿ ಮಾಡಬಹುದು.

ಸ್ಪೀಕರ್: 8 ಓಮ್ ಸ್ಪೀಕರ್‌ನ ಜಾಗದಲ್ಲಿ 4 ಓಮ್ ಸ್ಪೀಕರ್ ಹಾಕಿದರೆ ಆಂಪ್ಲಿಫಯರ್ ಸುಮಾರು ಇಮ್ಮಡಿ ವಿದ್ಯುತ್ ಪ್ರವಾಹವನ್ನು ಪೂರೈಸಬೇಕಾಗುತ್ತದೆ. ಶಬ್ದ ಹೆಚ್ಚಾದರೂ ಚಿಪ್ ಕಾಯುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ.

ವಿದ್ಯುತ್ ಪೂರೈಕೆ: 1.5 ವೋಲ್ಟ್‌ನ ಆರು ಸೆಲ್‌ಗಳಿಂದ 9 ವೋಲ್ಟ್ ದೊರೆಯುತ್ತದೆ, 1.2 ವೋಲ್ಟ್‌ನ ಆರು ರೀಚಾರ್ಜ್ ಸೆಲ್‌ಗಳಿಂದ ದೊರೆಯುವುದು 7.2 ವೋಲ್ಟ್ ಮಾತ್ರ. ಸಾಧಾರಣ ಅಡಾಪ್ಟರ್‌ಗಳು ಹೊರೆ ಕಡಿಮೆಯಿದ್ದಾಗ ನಮೂದಿತ ಮಟ್ಟಕ್ಕಿಂತ ಹೆಚ್ಚಿನ ವೋಲ್ಟೇಜ್ ನೀಡುತ್ತವೆ. ಕೆಲವು ವಾದ್ಯಗಳಲ್ಲಿ ಪ್ಲಗ್‌ನ ನಡುವಿನ ತುದಿ ಋಣ, ಕೆಲವುಗಳಲ್ಲಿ ಧನ. ತಪ್ಪು ಧ್ರುವದ ಅಡಾಪ್ಟರ್ ಮಂಡಲವನ್ನು ಕೆಡಿಸಬಲ್ಲದು.

ಸೊರಬ ಮತ್ತು ಶಿಕಾರಿಪುರದ ಸಂದರ್ಭ

ಶಿವಮೊಗ್ಗ ಜಿಲ್ಲೆಯ ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳು ಮಲೆನಾಡಿನಿಂದ ಬಯಲುಸೀಮೆಗೆ ಇಳಿಯುವ ಅರೆಮಲೆನಾಡು ಪ್ರದೇಶದಲ್ಲಿವೆ. ಇಲ್ಲಿ ಪ್ರಚಲಿತವಾಗಿರುವ ಡೊಳ್ಳು ಕುಣಿತಕ್ಕೆ ಆಧಾರಶ್ರುತಿಯ ಅವಶ್ಯಕತೆಯಿಲ್ಲ. ಭಜನೆ, ಸಂಗೀತಪಾಠ ಮತ್ತು ಬಡಗುತಿಟ್ಟಿನ ಯಕ್ಷಗಾನಕ್ಕೆ ಇದೆ. ಮಳೆಗಾಲದ ತೇವದಿಂದ ಸ್ವಿಚ್, ಜ್ಯಾಕ್ ಮತ್ತು ಸೆಲ್ ಸಂಪರ್ಕಗಳು ಕಿಲುಬು ಹಿಡಿಯುತ್ತವೆ. ಕರಕರ ಶಬ್ದ ಅಥವಾ ನಾದದ ಏರಿಳಿತ ಕಂಡುಬಂದಾಗ ಬೇಕಾಗಿರುವುದು ಹಲವೊಮ್ಮೆ ಸಂಪರ್ಕಗಳ ಶುಚಿಗೊಳಿಸುವಿಕೆ ಮಾತ್ರ. ಬಳಸದ ತಿಂಗಳುಗಳಲ್ಲಿ ಸೆಲ್‌ಗಳನ್ನು ಹೊರತೆಗೆದಿಡುವುದರಿಂದ ಅವು ಸೋರಿ ಆಗುವ ಹಾನಿ ತಪ್ಪುತ್ತದೆ.

ಎರಡೂ ಊರುಗಳಿಂದ ಬೆಂಗಳೂರು 300 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ಆದಕಾರಣ ತಯಾರಕರ ಬಳಿಗೆ ಕಳುಹಿಸುವ ಬದಲು ಊರಿನ ರೇಡಿಯೊ, ಟಿ.ವಿ. ದುರಸ್ತಿಗಾರರ ನೆರವು ಪಡೆಯುವುದು ಅನುಕೂಲಕರ. ಮಂಡಲದ ನಕ್ಷೆಯಿಲ್ಲದೆ ಮಾರ್ಪಡಿಸಿದ ಉಪಕರಣವನ್ನು ಮುಂದೆ ಬೇರೊಬ್ಬರು ಸರಿಪಡಿಸುವುದು ಕಠಿಣ. ಆದ್ದರಿಂದ ಬದಲಾವಣೆಗೆ ಮುನ್ನ ಛಾಯಾಚಿತ್ರ ತೆಗೆಯುವುದು, ತೆಗೆದ ಭಾಗಗಳನ್ನು ಕಾಯ್ದಿಡುವುದು ಮತ್ತು ಮಾಡಿದ ಬದಲಾವಣೆಯನ್ನು ಬರೆದು ಪೆಟ್ಟಿಗೆಯೊಳಗೆ ಇಡುವುದು ಉಪಯುಕ್ತ.

ನಿರ್ಧಾರದ ಮಾನದಂಡಗಳು

ಬೇಕಾದ ಸೌಲಭ್ಯ ಪೆಟ್ಟಿಗೆಯನ್ನು ತೆರೆಯದೆಯೇ ದೊರೆಯುವುದಾದರೆ ಮಾರ್ಪಾಡಿನ ಅಗತ್ಯವಿಲ್ಲ. ಸ್ಪೀಕರ್‌ನ ಎದುರು ಮೈಕ್ ಇಡುವುದು ಅಥವಾ ತಯಾರಕರು ಸೂಚಿಸಿದ ಅಡಾಪ್ಟರ್ ಬಳಸುವುದು ಇಂತಹ ಪರ್ಯಾಯಗಳು. ತೆರೆಯಲೇಬೇಕಾದಲ್ಲಿ, ಜ್ಯಾಕ್ ಜೋಡಣೆಯಂತಹ ಮರಳಿಸಬಹುದಾದ ಬದಲಾವಣೆಗಳು ಆಂದೋಲಕದ ಬದಲಾವಣೆಗಿಂತ ಸುರಕ್ಷಿತ. ಹೊರಕವಚ ಕೊರೆಯುವುದನ್ನು ಮರಳಿಸಲಾಗದು. ವಾರಂಟಿ ಅವಧಿಯಲ್ಲಿರುವ ಅಥವಾ ಕಾರ್ಯಕ್ರಮಗಳಿಗೆ ಇರುವ ಏಕೈಕ ಉಪಕರಣವನ್ನು ಮಾರ್ಪಡಿಸದಿರುವುದು ಒಳಿತು. ಕೆಟ್ಟು ಮೂಲೆ ಸೇರಿದ ಹಳೆಯ ಪೆಟ್ಟಿಗೆ ಪ್ರಯೋಗಕ್ಕೆ ಸೂಕ್ತ. 230 ವೋಲ್ಟ್ ವಿದ್ಯುತ್ ಪೆಟ್ಟಿಗೆಯೊಳಗೇ ಪ್ರವೇಶಿಸುವ ಉಪಕರಣಗಳನ್ನು ಅನುಭವವಿಲ್ಲದವರು ತೆರೆಯಬಾರದು. ಪ್ಲಗ್ ಕಿತ್ತ ಬಳಿಕವೂ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರಬಹುದು. ಮಾರ್ಪಾಡಿನ ನಂತರ ಉಪಕರಣವನ್ನು ಒಂದು ಪ್ರದರ್ಶನದಷ್ಟು ಕಾಲ ಸತತವಾಗಿ ನಡೆಸಿ, ಆರಂಭದ ಹಾಗೂ ಕೊನೆಯ ಶ್ರುತಿಯನ್ನು ಟ್ಯೂನರ್‌ನಿಂದ ಹೋಲಿಸುವುದು ಸರಳ ಪರೀಕ್ಷೆ.

ದುರಸ್ತಿಯ ಹಕ್ಕು

ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ಜುಲೈ 2022ರಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇದಕ್ಕಾಗಿ ಜಾಲತಾಣವೊಂದು ಆರಂಭವಾಯಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ಬಾಳಿಕೆ ಸರಕುಗಳು ಹಾಗೂ ವಾಹನಗಳನ್ನು ಮೊದಲ ಕ್ಷೇತ್ರಗಳಾಗಿ ಆಯ್ದುಕೊಳ್ಳಲಾಯಿತು; ಸಂಗೀತ ವಾದ್ಯಗಳು ಪ್ರತ್ಯೇಕ ವರ್ಗವಾಗಿ ಅದರಲ್ಲಿ ಸೇರಿರಲಿಲ್ಲ.

ಇವನ್ನೂ ನೋಡಿ

ತಂಬೂರಿ
ಹಾರ್ಮೋನಿಯಂ
ಯಕ್ಷಗಾನ
ಬಡಗುತಿಟ್ಟು