ಲೆಕ್ಕದ ಪುಸ್ತಕಕ್ಕೆ ವರ್ಷದ ಬಾಡಿಗೆ

ರಾಜಾಜಿನಗರ ಕೈಗಾರಿಕಾ ವಸಾಹತಿನ ಲೇತ್ ಶೆಡ್ಡುಗಳಿಂದ ಹಿಡಿದು ಕೆಂಗೇರಿ ಉಪನಗರದ ಮೆಡಿಕಲ್ ಸ್ಟೋರುಗಳವರೆಗೆ, ಸಣ್ಣ ವ್ಯಾಪಾರಸ್ಥರ ಖರ್ಚಿನ ಪಟ್ಟಿಗೆ ಹಿಂದಿನ ತಲೆಮಾರು ಕಾಣದ ಒಂದು ಬಾಬ್ತು ಸೇರಿಕೊಂಡಿದೆ: ಸಾಫ್ಟ್‌ವೇರ್ ರಿನ್ಯೂವಲ್. ಅಂಗಡಿ ಬಾಡಿಗೆ, ಕರೆಂಟ್ ಬಿಲ್, ಟ್ರೇಡ್ ಲೈಸೆನ್ಸುಗಳ ಸಾಲಿನಲ್ಲೇ ಅದಕ್ಕೂ ಈಗ ಜಾಗ. ಒಮ್ಮೆ ದುಡ್ಡು ಕೊಟ್ಟು ತಂದರೆ ಕಂಪ್ಯೂಟರ್ ಕೆಡುವವರೆಗೂ ನಡೆಯುತ್ತಿದ್ದ ಸರಕು ವರ್ಷ ವರ್ಷವೂ ಹಣ ಕೇಳುವ ಸೇವೆಯಾದ ಕಥೆಯ ಬಹುಪಾಲು ಬೆಂಗಳೂರಿನಲ್ಲೇ ನಡೆದಿದೆ.

ಆ ಕಥೆಗೆ ತಕ್ಕ ನೆಲವೂ ಇದೇ. ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ ಹುಟ್ಟಿದ್ದು 1949ರಲ್ಲಿ. ಅದರ ಕಚೇರಿ ಇರುವುದು ವಿಜಯನಗರದಲ್ಲಿ. ಶೆಡ್ಡುಗಳನ್ನು ಕಟ್ಟಿಕೊಡುವ ಕೆಎಸ್‌ಎಸ್‌ಐಡಿಸಿ, ಮಹಿಳಾ ಉದ್ಯಮಿಗಳ ಸಂಸ್ಥೆ ಅವೇಕ್ ಎರಡೂ ರಾಜಾಜಿನಗರ ಕೈಗಾರಿಕಾ ವಸಾಹತಿನಲ್ಲಿವೆ. ಲೆಕ್ಕ ಬರೆಯಲು ಪೂರ್ಣಾವಧಿ ಗುಮಾಸ್ತನನ್ನು ಇಟ್ಟುಕೊಳ್ಳಲಾಗದ, ಲೆಕ್ಕವಿಲ್ಲದೆ ಬ್ಯಾಂಕಿಗೆ ಹೋಗಲೂ ಆಗದ ಉದ್ದಿಮೆಗಳು ಇಲ್ಲಿ ಓಣಿಗೊಂದಿವೆ.

ಇಂಥವರ ಮೇಜಿಗೆ ಮೊದಲು ಬಂದ ಲೆಕ್ಕದ ತಂತ್ರಾಂಶ ಟ್ಯಾಲಿ. ಗಿರಣಿ, ಕಾರ್ಖಾನೆಗಳಿಗೆ ಕಚ್ಚಾವಸ್ತು ಮತ್ತು ಯಂತ್ರದ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯವಹಾರಕ್ಕೆ ಒಗ್ಗುವ ತಂತ್ರಾಂಶ ಸಿಗಲಿಲ್ಲ. ಬರೆಯುವ ಕೆಲಸವನ್ನು ಮಗ ಭರತ್ ಗೋಯೆಂಕಾ ಕೈಗೆತ್ತಿಕೊಂಡರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಕಂಪನಿ 1999ರಲ್ಲಿ ಟ್ಯಾಲಿ ಸೊಲ್ಯೂಷನ್ಸ್ ಆಯಿತು. ಖಾತೆಗಳಿಗೆ ಸಂಕೇತ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳುವ ಗೋಜಿಲ್ಲದೆ, ಪಾರ್ಟಿಯ ಹೆಸರನ್ನೇ ಟೈಪ್ ಮಾಡಿ ಲೆಕ್ಕ ಬರೆಯಬಹುದಾಗಿದ್ದುದು ಅದರ ದೊಡ್ಡ ಗುಣ. ಎಫ್8 ಒತ್ತಿದರೆ ಸೇಲ್ಸ್ ವೋಚರ್, ಎಫ್9ಕ್ಕೆ ಪರ್ಚೇಸ್. ಮೌಸ್ ಮುಟ್ಟದೆ ಕೀಲಿಮಣೆಯಲ್ಲೇ ಇಡೀ ದಿನದ ಬಿಲ್ಲುಗಳನ್ನು ಮುಗಿಸುವ ಪಾರ್ಟ್‌ಟೈಮ್ ಅಕೌಂಟೆಂಟ್‌ಗಳ ಒಂದು ಪಡೆಯೇ ಇದರಿಂದ ಬೆಳೆಯಿತು. ಆ ಕಾಲದ ವ್ಯವಹಾರ ಸರಳ: ದುಡ್ಡು ಕೊಡು, ಪ್ರತಿ ತಗೋ, ಮುಗಿಯಿತು.

ಈ ಸರಳತೆಯನ್ನು ಕದಡಿದ್ದು ಮಾರುವವರ ಜಾಣ್ಮೆಗಿಂತ ಹೆಚ್ಚಾಗಿ ತೆರಿಗೆ ಕಾನೂನು. 2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ವ್ಯಾಟ್ ಬಂತು. ಹಳೆಯ ಆವೃತ್ತಿ ಇಟ್ಟುಕೊಂಡವರ ಬಿಲ್ಲುಗಳು ಹೊಸ ನಮೂನೆಗೆ ಹೊಂದಲಿಲ್ಲ. 2009ರಲ್ಲಿ ಬಂದ ಟ್ಯಾಲಿ ಇಆರ್‌ಪಿ 9, ಪರವಾನಗಿಯ ಜೊತೆಗೆ ವಾರ್ಷಿಕ ಚಂದಾ ಎಂಬ ಏರ್ಪಾಟನ್ನು ನೆಲೆಗೊಳಿಸಿತು. ಆಮೇಲೆ 2017ರ ಜುಲೈ 1ರ ಜಿಎಸ್‌ಟಿ. ರಾಜ್ಯದೊಳಗಿನ ಸಾಗಣೆಗೆ 2018ರ ಏಪ್ರಿಲ್ 1ರಿಂದಲೇ ಇ-ವೇ ಬಿಲ್ ಜಾರಿ ಮಾಡಿದ ಮೊದಲ ರಾಜ್ಯ ಕರ್ನಾಟಕ. ರಾಜಾಜಿನಗರದಿಂದ ತುಮಕೂರಿಗೆ ಹೊರಟ ಟೆಂಪೋದಲ್ಲಿ 50,000 ರೂಪಾಯಿಗೂ ಮೀರಿದ ಮಾಲಿದ್ದರೆ ಅದರ ಜೊತೆಗೆ ಇ-ವೇ ಬಿಲ್ ಇರಲೇಬೇಕು. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟಿನವರಿಗೆಂದು ಆರಂಭವಾದ ಇ-ಇನ್‌ವಾಯ್ಸ್, ಮೆಟ್ಟಿಲಿಳಿಯುತ್ತ 2023ರ ಆಗಸ್ಟ್‌ಗೆ 5 ಕೋಟಿಯವರನ್ನೂ ಮುಟ್ಟಿತು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿಯ ಶೇ 12 ಮತ್ತು 28ರ ಹಂತಗಳು ಬಹುಮಟ್ಟಿಗೆ ಕರಗಿ, ಅಂಗಡಿಯಲ್ಲಿದ್ದ ನೂರಾರು ವಸ್ತುಗಳ ದರ ಒಂದೇ ರಾತ್ರಿಯಲ್ಲಿ ಬದಲಾಯಿತು. ಹೀಗೆ ನಿಯಮ ಬದಲಾದಾಗಲೆಲ್ಲ ತಂತ್ರಾಂಶವನ್ನು ತಿದ್ದಲು ಯಾರೋ ಕೂತು ಕೆಲಸ ಮಾಡಲೇಬೇಕು. ಆ ಕೆಲಸಕ್ಕೆ ಕೂಲಿ ಕೇಳುವುದು ನ್ಯಾಯವೇ.

ಇದಕ್ಕೆ ವ್ಯತಿರಿಕ್ತವಾದದ್ದು ಡಿಟಿಪಿ ಅಂಗಡಿಗಳ ಅನುಭವ. ಅಡೋಬಿ 2013ರ ಮೇ ತಿಂಗಳಲ್ಲಿ ತನ್ನ ವಿನ್ಯಾಸ ತಂತ್ರಾಂಶಗಳ ಹೊಸ ಆವೃತ್ತಿಗಳು ಇನ್ನು ಚಂದಾದಾರರಿಗೆ ಮಾತ್ರ ಎಂದು ಘೋಷಿಸಿತು. ಆದರೆ ಹಳೆಯ ಪೇಜ್‌ಮೇಕರ್ ಮತ್ತು ನುಡಿ ಅಕ್ಷರಗಳ ಜೋಡಿಯಲ್ಲೇ ಲಗ್ನಪತ್ರಿಕೆ, ಕರಪತ್ರ ಮಾಡುತ್ತಿದ್ದ ಅನೇಕ ಅಂಗಡಿಗಳು ಕದಲಲಿಲ್ಲ. ಲಗ್ನಪತ್ರಿಕೆಯ ನಮೂನೆಯನ್ನು ಯಾವ ಇಲಾಖೆಯೂ ಬದಲಿಸುವುದಿಲ್ಲವಲ್ಲ.

ದರದ ಲೆಕ್ಕವನ್ನೊಮ್ಮೆ ನೋಡಬೇಕು. ಟ್ಯಾಲಿ ಪ್ರೈಮ್‌ನ ಒಬ್ಬ ಬಳಕೆದಾರರ ಪರವಾನಗಿಗೆ ಇತ್ತೀಚಿನ ವರ್ಷಗಳ ದರ 22,500 ರೂಪಾಯಿ. ವಾರ್ಷಿಕ ನವೀಕರಣ 4,500. ಎರಡರ ಮೇಲೂ ಶೇ 18 ಜಿಎಸ್‌ಟಿ. ಅಂದರೆ ಐದು ಸಲ ನವೀಕರಿಸಿದರೆ ಮತ್ತೊಂದು ಪ್ರತಿ ಕೊಂಡಷ್ಟೇ ಆಗುತ್ತದೆ. ಕಟ್ಟಿದ ಜಿಎಸ್‌ಟಿಯನ್ನು ಸಾಮಾನ್ಯ ನೋಂದಣಿಯವರು ಹೂಡುವಳಿ ತೆರಿಗೆಯಾಗಿ ಹಿಂಪಡೆಯಬಹುದು, ಕಾಂಪೊಸಿಷನ್ ಯೋಜನೆಯಲ್ಲಿರುವ ಚಿಕ್ಕ ಅಂಗಡಿಯವರಿಗೆ ಆ ಅವಕಾಶವಿಲ್ಲ. ಅತಿ ಸಣ್ಣವರಿಗೇ ಹೊರೆ ಹೆಚ್ಚು. ಆದರೂ ಈ ಮಾದರಿಯಲ್ಲಿ ಒಂದು ಮರ್ಯಾದೆ ಉಳಿದಿದೆ: ನವೀಕರಣ ನಿಲ್ಲಿಸಿದರೆ ಹೊಸ ಆವೃತ್ತಿ, ಸಂಪರ್ಕ ಸೇವೆಗಳು ಸಿಗುವುದಿಲ್ಲ, ಕೊಂಡ ಆವೃತ್ತಿಯಲ್ಲಿ ಲೆಕ್ಕ ಬರೆಯುವುದು ನಿಲ್ಲುವುದಿಲ್ಲ.

ಮೊಬೈಲ್ ಬಂದ ಮೇಲೆ ಬೇರೊಂದು ಅಲೆ ಎದ್ದಿತು. ಓಕೆಕ್ರೆಡಿಟ್, ಖಾತಾಬುಕ್, ವ್ಯಾಪಾರ್, ಮೈಬಿಲ್‌ಬುಕ್, ಇವೆಲ್ಲ ಬೆಂಗಳೂರಿನಲ್ಲೇ ಬೇರೂರಿದ ಕಂಪನಿಗಳ ಆ್ಯಪ್‌ಗಳು. ಉದ್ರಿ ಪುಸ್ತಕವನ್ನು ಫೋನಿಗೆ ತಂದದ್ದು, ಕನ್ನಡದಲ್ಲೂ ಬಳಸಲು ಬಿಟ್ಟದ್ದು ಇವುಗಳ ಹೆಚ್ಚುಗಾರಿಕೆ. ಮೊದಮೊದಲು ಹೂಡಿಕೆದಾರರ ಹಣದ ಬಲದಲ್ಲಿ ಉಚಿತವಾಗಿಯೇ ಹಂಚಿದರು. ಬಳಕೆ ರೂಢಿಯಾದ ಮೇಲೆ ಬಿಲ್ ಮುದ್ರಣ, ಸ್ಟಾಕ್, ಹೆಚ್ಚುವರಿ ಬಳಕೆದಾರ ಎಂದು ಒಂದೊಂದಕ್ಕೇ ಪ್ಲಾನುಗಳು ಬಂದವು. ಚಂದಾ ವಸೂಲಿಯ ದಾರಿಯೂ ಅದೇ ಹೊತ್ತಿಗೆ ಸುಗಮವಾಯಿತು. ಕ್ರೆಡಿಟ್ ಕಾರ್ಡ್ ಇಲ್ಲದ ಅಂಗಡಿಯವರಿಗೆ 2020ರ ಜುಲೈನಲ್ಲಿ ಬಂದ ಯುಪಿಐ ಆಟೊಪೇ ಅನುಕೂಲವಾಯಿತು. ಖಾತೆಯಿಂದ ಹಣ ತಾನಾಗಿ ಕಡಿತವಾಗುವ ಮುನ್ನ ಗ್ರಾಹಕರಿಗೆ ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಬಿಗಿಯಾಯಿತು. ಮಾರುವವರಿಗೆ ಅದು ತೊಡಕೆನಿಸಿತು. ಮರೆತ ಆ್ಯಪ್‌ಗೆ ತಿಂಗಳು ತಿಂಗಳು ದುಡ್ಡು ಹೋಗುವುದನ್ನು ತಡೆದ ಈ ನಿಯಮ ಸಣ್ಣವರ ಪಾಲಿಗೆ ದೊಡ್ಡ ಉಪಕಾರ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷದ ಜಿಎಸ್‌ಟಿ ನೋಂದಣಿ ಮಿತಿ ದಾಟಿದಂತೆ ಕಂಡವರೆಲ್ಲ ಉತ್ತರಿಸಬೇಕಾಯಿತು. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡವು. ಫೋನಿಗೆ ಬಂದ ಹಣದಲ್ಲಿ ಹಾಲು ಮಾರಿದ್ದೆಷ್ಟು, ಸಿಗರೇಟು ಮಾರಿದ್ದೆಷ್ಟು, ಕೈಸಾಲ ವಾಪಸು ಬಂದದ್ದೆಷ್ಟು ಎಂದು ಬಿಡಿಸಿ ತೋರಿಸಲು ಹಲವರ ಬಳಿ ಬಿಲ್ಲೇ ಇರಲಿಲ್ಲ. ಬಿಲ್ಲಿಂಗ್ ಆ್ಯಪ್‌ನ ವರ್ಷದ ಚಂದಾ ದುಂದು ಎಂದುಕೊಂಡಿದ್ದವರಿಗೆ ಅದರ ಅಗತ್ಯ ಅರ್ಥವಾಗಲು ಆ ಒಂದು ತಿಂಗಳು ಸಾಕಾಯಿತು.

ಆದರೆ ಚಂದಾ ನಿಂತ ದಿನ ಲೆಕ್ಕ ಯಾರದು? ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕಡೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಂಡಿರಬೇಕು. ಕಾನೂನು ಕೇಳುವುದು ಆರು ವರ್ಷ, ಪ್ಲಾನ್ ಕೊಡುವುದು ಒಂದು ವರ್ಷ. ದುಡ್ಡು ಕಟ್ಟುತ್ತಿದ್ದವರಿಗೂ ಇಲ್ಲಿ ಅಭಯವಿಲ್ಲ. ಬೆಂಗಳೂರಿನಲ್ಲೇ ದೊಡ್ಡ ಕಚೇರಿ ಇರುವ ಇಂಟ್ಯೂಟ್, ಭಾರತದಲ್ಲಿ ಕ್ವಿಕ್‌ಬುಕ್ಸ್ ಸೇವೆಯನ್ನು ನಿಲ್ಲಿಸುವುದಾಗಿ 2022ರಲ್ಲಿ ತಿಳಿಸಿತು. 2023ರಲ್ಲಿ ಬಾಗಿಲು ಮುಚ್ಚಿತು. ಚಂದಾ ತಪ್ಪದೆ ಕಟ್ಟಿದ್ದವರೂ ತಮ್ಮ ವರ್ಷಗಳ ಲೆಕ್ಕವನ್ನು ಗಡುವಿನೊಳಗೆ ಹೊರಗೆ ಸಾಗಿಸಿಕೊಳ್ಳಬೇಕಾಯಿತು.

ಆದ್ದರಿಂದ ಚಂದಾ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಬೆಲೆಯೊಂದೇ ಅಲ್ಲ. ಪೂರ್ತಿ ಲೆಕ್ಕ ಎಕ್ಸೆಲ್‌ಗೆ ಬರುತ್ತದೆಯೇ, ಚಂದಾ ಮುಗಿದ ಮೇಲೂ ಹಳೆಯ ಬಿಲ್ಲುಗಳನ್ನು ತೆರೆದು ನೋಡಬಹುದೇ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಬೇಕು. ವ್ಯಾಪಾರ್‌ನಂಥ ಆ್ಯಪ್‌ಗಳು ಲೆಕ್ಕವನ್ನು ಟ್ಯಾಲಿಗೆ ರವಾನಿಸುವ ಸೌಲಭ್ಯ ಇಟ್ಟಿವೆ. ಅಂಗಡಿಯವರು ಯಾವ ಆ್ಯಪ್ ಬಳಸಿದರೂ ಅವರ ಆಡಿಟರ್ ಕಚೇರಿಯಲ್ಲಿ ನಡೆಯುವುದು ಹೆಚ್ಚಾಗಿ ಟ್ಯಾಲಿಯೇ. ಮಾರ್ಚ್ ಮುಗಿದೊಡನೆ ಆಡಿಟರ್ ಕೇಳುವುದೂ ಅದೇ ಫೈಲನ್ನು.