ಎಳೆಯ ಹಲ್ಲಿನ ಬೇರು ಮತ್ತು ಗುಳೆಯ ಹಾದಿ: ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಕುರಿತು ಒಂದು ವಿಚಾರ

ಹೊಸ ಚಿಕಿತ್ಸೆಯೊಂದು ಎಲ್ಲಿ ಹುಟ್ಟಿತು, ಯಾರಿಂದ ಹುಟ್ಟಿತು ಎಂಬುದನ್ನು ವೈದ್ಯಶಾಸ್ತ್ರದ ಚರಿತ್ರೆ ಬರೆಯುವವರು ಆಸ್ಥೆಯಿಂದ ಶೋಧಿಸುತ್ತಾರೆ; ಅದು ಒಂದು ಸೀಮೆಯ ಜನರನ್ನು ಮುಟ್ಟಬೇಕಾದರೆ ಅವರ ಬದುಕು ಹೇಗಿರಬೇಕೆಂದು ಕೇಳುವವರು ವಿರಳ. ಮಕ್ಕಳ ಬಲಿಯದ ಶಾಶ್ವತ ಹಲ್ಲುಗಳು ಕೆಟ್ಟಾಗ ಅವುಗಳ ಬೇರನ್ನು ಮತ್ತೆ ಬೆಳೆಯಿಸುವ ಚಿಕಿತ್ಸೆಯ ಚರಿತ್ರೆಯನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಿನ್ನೆಲೆಯಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದಲ್ಲಿ ನಮ್ಮ ಉದ್ದೇಶ.

ಶಾಶ್ವತ ಹಲ್ಲು ಒಸಡಿನಿಂದ ಹೊರಬಂದ ದಿನವೇ ಪೂರ್ಣವಾಯಿತೆಂದು ತಿಳಿಯಲಾಗದು. ಮೇಲಿನ ಸಾಲಿನ ಮುಂದಿನ ಹಲ್ಲು ಏಳೆಂಟನೆಯ ವಯಸ್ಸಿನಲ್ಲಿ ಮೂಡುತ್ತದೆ. ಅದರ ಬೇರು ಬೆಳೆದು ತುದಿ ಮುಚ್ಚಲು ಮುಂದೆ ಸುಮಾರು ಮೂರು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಬೇರಿನ ಗೋಡೆಗಳು ತೆಳುವಾಗಿದ್ದು ತುದಿ ಅಗಲವಾಗಿ ತೆರೆದಿರುತ್ತದೆ. ಆ ಗೋಡೆಗಳನ್ನು ಕಟ್ಟುವುದು ಒಳಗಿನ ಜೀವಂತ ದಂತಮಜ್ಜೆ. ಹುಡುಗನು ಬಿದ್ದು ಹಲ್ಲು ಮುರಿದೋ, ಹುಳುಕು ಒಳಗಿಳಿದೋ ಮಜ್ಜೆ ಸತ್ತರೆ ಕಟ್ಟಡದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಇಲ್ಲಿ ಒಂದು ಮಾತು. ಆರನೆಯ ವಯಸ್ಸಿನಲ್ಲಿ ಬರುವ ಮೊದಲ ದವಡೆಹಲ್ಲು ಯಾವ ಹಾಲುಹಲ್ಲನ್ನೂ ಬೀಳಿಸದೆ ಹಿಂದಿನಿಂದ ಮೂಡುವುದರಿಂದ ತಾಯಂದಿರು ಅದನ್ನೂ ಹಾಲುಹಲ್ಲೆಂದೇ ಎಣಿಸುವುದುಂಟು. ಬಿದ್ದ ಹಲ್ಲನ್ನು ಸೆಗಣಿಯುಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆದರೆ ಹೊಸದು ಬರುವುದೆಂಬ ನಮ್ಮ ಮನೆಗಳ ನಂಬಿಕೆ ಈ ಒಂದು ಹಲ್ಲಿನ ವಿಷಯದಲ್ಲಿ ಕೈಕೊಡುತ್ತದೆ.

ಇಂತಹ ಹಲ್ಲನ್ನು ಬಹುಕಾಲ ಕಿತ್ತುಹಾಕುವುದೇ ವಾಡಿಕೆಯಾಗಿತ್ತು. 1960ರ ದಶಕದಲ್ಲಿ ಕೈಸರ್ ಮತ್ತು ಫ್ರ್ಯಾಂಕ್ ಎಂಬ ವೈದ್ಯರು ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಬೇರಿನೊಳಗೆ ತಿಂಗಳುಗಟ್ಟಲೆ ತುಂಬಿಟ್ಟು ತುದಿಯಲ್ಲಿ ಗಟ್ಟಿಯಾದ ಒಂದು ತಡೆ ಬೆಳೆಯುವಂತೆ ಮಾಡುವ ಕ್ರಮವನ್ನು ರೂಢಿಗೆ ತಂದರು. ಹಲ್ಲು ಉಳಿಯಿತು, ಆದರೆ ಬೇರು ಉದ್ದವಾಗಲಿಲ್ಲ, ಗೋಡೆ ದಪ್ಪವಾಗಲಿಲ್ಲ. ಮೇಲಾಗಿ ಈ ಔಷಧ ದೀರ್ಘಕಾಲ ಒಳಗಿದ್ದರೆ ಬೇರು ಮುರಿಯುವಷ್ಟು ದುರ್ಬಲವಾಗುವ ಸಂಭವವಿದೆಯೆಂದು 2002ರಲ್ಲಿ ಆಂದ್ರೆಯಾಸೆನ್ ಮತ್ತು ಸಂಗಡಿಗರು ತೋರಿಸಿದರು. ತತ್ಪೂರ್ವದಲ್ಲಿಯೇ, 1993ರ ಸುಮಾರಿಗೆ, ಅಮೇರಿಕದಲ್ಲಿ ತೊರಾಬಿನೆಜಾದರು ಬಳಕೆಗೆ ತಂದ ಎಂಟಿಎ ಎಂಬ ಸಿಮೆಂಟು ತಿಂಗಳುಗಳ ಕೆಲಸವನ್ನು ಒಂದೆರಡು ಭೇಟಿಗಳಿಗೆ ಇಳಿಸಿತು. ಬೇರು ಮಾತ್ರ ಇದ್ದಷ್ಟೇ ಉಳಿಯಿತು.

ಬೇರನ್ನೇ ಬೆಳೆಯಿಸಬಹುದೆಂಬ ವಿಚಾರ ಇದಕ್ಕೂ ಹಳೆಯದು. 1961ರಲ್ಲಿ ನಾರ್ವೆಯ ನೈಗಾರ್ಡ್-ಓಸ್ಟ್‌ಬಿ ಎಂಬುವರು ಬೇರಿನೊಳಗೆ ಬೇಕೆಂದೇ ರಕ್ತ ಒಸರುವಂತೆ ಮಾಡಿ, ಆ ಹೆಪ್ಪಿನ ಆಸರೆಯಲ್ಲಿ ಹೊಸ ಅಂಗಾಂಶ ಬರುವುದೇ ಎಂದು ಪರೀಕ್ಷಿಸಿದ್ದರು. ಆ ವಿಚಾರ ನಾಲ್ಕು ದಶಕ ಹೆಚ್ಚು ಕಡಿಮೆ ಮಲಗಿತು. 2001ರಲ್ಲಿ ಜಪಾನಿನ ಇವಾಯಾ ಮತ್ತು ಸಂಗಡಿಗರು 13 ವರ್ಷದ ರೋಗಿಯೊಬ್ಬರ ಕೀವುಗಟ್ಟಿದ ಕಿರುದವಡೆ ಹಲ್ಲಿನ ಬೇರು 30 ತಿಂಗಳಲ್ಲಿ ಬಲಿತು ತುದಿ ಮುಚ್ಚಿಕೊಂಡದ್ದನ್ನು ವರದಿ ಮಾಡಿದರು. 2004ರಲ್ಲಿ ಬ್ಯಾಂಕ್ಸ್ ಮತ್ತು ಟ್ರೋಪ್ ಅದಕ್ಕೆ ನಿಶ್ಚಿತವಾದ ವಿಧಾನವನ್ನು ಹಾಕಿಕೊಟ್ಟರು. ಅದರಂತೆ ಬೇರನ್ನು ಉಜ್ಜದೆ ದ್ರಾವಣದಿಂದ ತೊಳೆದು, ಮೂರು ಜೀವಿರೋಧಕಗಳ ಲೇಪವನ್ನು ಕೆಲವು ವಾರ ಒಳಗಿಟ್ಟು, ಸೋಂಕು ಅಡಗಿದ ಮೇಲೆ ರಕ್ತದ ಹೆಪ್ಪು ಮೂಡಿಸಿ, ಮೇಲಿನಿಂದ ಎಂಟಿಎಯಿಂದ ಮುಚ್ಚಬೇಕು. ತರುವಾಯ ರೋಗಿಯ ರಕ್ತದಿಂದಲೇ ತೆಗೆದ ಫೈಬ್ರಿನ್ ಪೊರೆಯನ್ನು ಹೆಪ್ಪಿನ ಸ್ಥಾನದಲ್ಲಿಡುವ ಪ್ರಯೋಗಗಳು ಭಾರತದ ದಂತ ಮಹಾವಿದ್ಯಾಲಯಗಳಲ್ಲೂ ನಡೆದವು. ಒಳಗೆ ಬೆಳೆಯುವುದು ಬಹುಮಟ್ಟಿಗೆ ನಿಜವಾದ ಮಜ್ಜೆಯಲ್ಲ, ಎಲುಬನ್ನೋ ಬೇರಿನ ಹೊರಪದರವನ್ನೋ ಹೋಲುವ ವಸ್ತು ಎಂಬುದು ಪರೀಕ್ಷೆಗಳಿಂದ ತಿಳಿದಿದೆ. ಆದಕಾರಣ ‘ಪುನರುತ್ಪಾದನೆ’ ಎಂಬ ಹೆಸರು ತುಸು ದೊಡ್ಡದಾಯಿತೆಂದೇ ನಮ್ಮ ಅಭಿಪ್ರಾಯ. ‘ದುರಸ್ತಿ’ ಎಂದರೆ ಹೆಚ್ಚು ಒಪ್ಪುತ್ತಿತ್ತು.

ಆ ಮೂರು ಔಷಧಗಳಲ್ಲೊಂದಾದ ಮಿನೊಸೈಕ್ಲಿನ್ ಹಲ್ಲಿಗೆ ಬೂದುಬಣ್ಣ ತರುವುದೆಂದು ಕಂಡು ಅದನ್ನು ಈಚೆಗೆ ಅನೇಕರು ಕೈಬಿಟ್ಟಿದ್ದಾರೆ. ನಮ್ಮ ಸೀಮೆಗೆ ಹಲ್ಲಿನ ಕಲೆ ಹೊಸದೇನಲ್ಲ. ಇಂಡಿ ತಾಲ್ಲೂಕಿನ ಅಂತರ್ಜಲದ ಫ್ಲೋರೈಡನ್ನೂ ಅದರಿಂದಾಗುವ ಅಪಾಯವನ್ನೂ ಕುರಿತ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು, ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದ ನೀರು ಜಿಲ್ಲೆಯ ಬೇರೆ ಕಡೆಗಳಲ್ಲೂ ಉಂಟು. ಈ ನೀರು ಕುಡಿದು ಬೆಳೆದ ಮಗುವಿನ ಹಲ್ಲಿನ ಹೊರಕವಚ ಒಸಡಿನೊಳಗೇ ಕೆಟ್ಟಿರುತ್ತದೆ. ಕವಚವನ್ನು ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವುದರೊಳಗೆ ಅಳಿದುಹೋಗುವುದರಿಂದ ಅದನ್ನು ಯಾವ ವೈದ್ಯನೂ ಮತ್ತೆ ಬೆಳೆಯಿಸಲಾರನು. ಬೇರಿಗಾದರೋ ಆ ಅವಕಾಶ ಕೆಲವು ವರ್ಷಗಳ ಮಟ್ಟಿಗೆ ತೆರೆದಿರುತ್ತದೆ.

ಪ್ರಶ್ನೆಯಿರುವುದು ಆ ಕೆಲವು ವರ್ಷಗಳಲ್ಲಿ. ಹೆಪ್ಪು ಮೂಡಿಸಿ ಹಲ್ಲನ್ನು ಮುಚ್ಚಿದರೆ ಚಿಕಿತ್ಸೆ ಮುಗಿಯುವುದಿಲ್ಲ. ಆರು ತಿಂಗಳಿಗೆ, ವರ್ಷಕ್ಕೆ, ಎರಡು ವರ್ಷಕ್ಕೆ ಮಗು ಮರಳಿ ಬಂದು ಕ್ಷಕಿರಣ ಚಿತ್ರ ತೆಗೆಸಿಕೊಳ್ಳಬೇಕು. ವಿಜಯಪುರ ನಗರದಲ್ಲಿ ಅಲ್-ಅಮೀನ್ ದಂತ ಮಹಾವಿದ್ಯಾಲಯವಿದೆ. ನಾಲ್ಕು ತಾಲ್ಲೂಕು ಕೇಂದ್ರಗಳಿಂದ ಅಲ್ಲಿಗೆ ಸುಮಾರು 40ರಿಂದ 80 ಕಿಲೋಮೀಟರು. ಸೊಲ್ಲಾಪುರ–ಗದಗ ರೈಲುಮಾರ್ಗ ಇಂಡಿ, ಬಾಗೇವಾಡಿ ತಾಲ್ಲೂಕುಗಳನ್ನು ಹಾದುಹೋದರೂ ಸಿಂದಗಿ, ಮುದ್ದೇಬಿಹಾಳ ಊರುಗಳಿಗೆ ರೈಲಿಲ್ಲ. ಆದರೂ ದೂರವನ್ನು ನಾವು ದೊಡ್ಡ ಅಡ್ಡಿಯೆಂದು ಭಾವಿಸುವುದಿಲ್ಲ, ಬಸ್ಸುಗಳಿವೆ.

ದೊಡ್ಡ ಅಡ್ಡಿ ಗುಳೆ. 1876–77ರ ಬರಗಾಲದಲ್ಲಿ ಈ ಜಿಲ್ಲೆಯ ಎಷ್ಟೋ ಜನ ಸತ್ತರು, ಎಷ್ಟೋ ಜನ ಊರು ಬಿಟ್ಟರು. 1881ರ ಜನಗಣತಿಯಲ್ಲಿ ಜನಸಂಖ್ಯೆ 1872ರದ್ದಕ್ಕಿಂತ ಬಹಳ ಇಳಿದಿತ್ತು. ಅಂದು ಬರಗಾಲದ ವಿಪತ್ತಾಗಿದ್ದ ವಲಸೆ ಕಾಲಕ್ರಮದಲ್ಲಿ ವರ್ಷದ ಹಂಗಾಮೇ ಆಗಿ ನಿಂತಿತು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವೆಗೆ ಹೋಗುವ ಕುಟುಂಬಗಳು, ವಿಶೇಷವಾಗಿ ತಾಂಡಾಗಳವರು, ಮಕ್ಕಳನ್ನೂ ಕರೆದೊಯ್ಯುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು ಹಲ್ಲುಗಳನ್ನೂ ಪರೀಕ್ಷಿಸುತ್ತದೆ. ಆ ದಿನ ಮಗು ಫಡದಲ್ಲಿದ್ದರೆ ಅದರ ಹೆಸರು ಪಟ್ಟಿಗೆ ಬಾರದು. ಬಂದು, ಔಷಧ ಒಳಗಿಟ್ಟು, ಅಷ್ಟರಲ್ಲಿ ಮನೆಯವರು ಹೊರಟರೆ ತಾತ್ಕಾಲಿಕ ಮುಚ್ಚಳ ಸವೆದು ಸೋಂಕು ಮರಳುತ್ತದೆ. ಅಂಥ ಮಗುವಿಗೆ 2004ರ ವಿಧಾನಕ್ಕಿಂತ ಒಂದೆರಡು ಭೇಟಿಯಲ್ಲಿ ಮುಗಿಯುವ ಎಂಟಿಎಯೇ ಲೇಸೆಂದು ವೈದ್ಯನೊಬ್ಬ ನಿರ್ಧರಿಸಿದರೆ ಅದನ್ನು ನಾವು ತಪ್ಪೆನ್ನಲಾರೆವು. ಆದರೆ ಆ ನಿರ್ಧಾರದಿಂದ ಆ ಹಲ್ಲಿಗೆ ತೆಳುವಾದ ಬೇರೇ ಕೊನೆಯವರೆಗೆ ಗತಿಯಾಗುತ್ತದೆ.

ಗುಳೆ ಹೋಗುವವರ ಮಕ್ಕಳು ಊರಲ್ಲೇ ಉಳಿದು ಓದಲೆಂದು ಸರ್ವ ಶಿಕ್ಷಣ ಅಭಿಯಾನದಡಿ ಹಂಗಾಮಿ ವಸತಿನಿಲಯಗಳಿಗೆ ಅವಕಾಶ ಕಲ್ಪಿಸಲಾಗಿತ್ತು. ಅದನ್ನು ಯೋಜಿಸಿದವರು ಪಾಠವನ್ನು ಗಮನದಲ್ಲಿಟ್ಟಿದ್ದರೇ ಹೊರತು ಹಲ್ಲನ್ನಲ್ಲ. ಆದರೆ ಕಬ್ಬಿನ ಹಂಗಾಮಿನ ಐದಾರು ತಿಂಗಳು ಮಗು ಒಂದೇ ಊರಿನಲ್ಲಿದ್ದರೆ ಔಷಧ ಇಡುವ, ತೆಗೆಯುವ, ಹೆಪ್ಪು ಮೂಡಿಸುವ ಭೇಟಿಗಳೆಲ್ಲ ಅಷ್ಟರೊಳಗೇ ಮುಗಿಯುತ್ತವೆ. ಉಳಿದ ಕ್ಷಕಿರಣ ಪರೀಕ್ಷೆಗಳನ್ನು ತಂದೆತಾಯಿಗಳು ಮಳೆಗಾಲದ ಮುಂಚೆ ಊರಿಗೆ ಮರಳಿದ ಮೇಲೆ ಮಾಡಿಸಬಹುದು.