ಮದ್ದಿನ ಅಳತೆ ಮತ್ತು ಕೋವಿಯ ಒದೆತ: ಅಮೆರಿಕದ ಜಿಂಕೆ ಬೇಟೆಯ ಒಂದು ಚಾರಿತ್ರಿಕ ಅವಲೋಕನ

ಬೇಟೆಯ ಜಾನಪದವೆಂದರೆ ಹಾಡು, ಆಚರಣೆ ಮತ್ತು ನಂಬಿಕೆಗಳು ಮಾತ್ರವಲ್ಲ. ಒಂದು ಈಡಿಗೆ ಎಷ್ಟು ಮದ್ದು ಬೇಕು, ಎಂಥ ಗುಂಡು ಬೇಕು ಎಂಬ ತಿಳಿವಳಿಕೆಯೂ ತಲೆಮಾರಿನಿಂದ ತಲೆಮಾರಿಗೆ ಬಾಯಿಮಾತಿನಲ್ಲಿ ಸಾಗಿಬಂದ ಜ್ಞಾನವೇ ಆಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಜಿಂಕೆ ಬೇಟೆಗಾರರಲ್ಲಿ ಈ ಜ್ಞಾನವು ಬೆಳೆದ ಬಗೆ, ನಡುವೆ ದಾರಿ ತಪ್ಪಿದ ಬಗೆ ಮತ್ತು ಇತ್ತೀಚಿನ ದಶಕಗಳಲ್ಲಿ ಕಡಿಮೆ ಒದೆತದ ತೋಟಾಗಳ ಮೂಲಕ ಹಳೆಯ ಅಳತೆಗೆ ಮರಳಿದ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

18ನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯದಲ್ಲಿ ನೆಲೆಸಿದ ಜರ್ಮನ್ ಮೂಲದ ಕಮ್ಮಾರರು ಉದ್ದನೆಯ ನಳಿಗೆಯ ರೈಫಲುಗಳನ್ನು ತಯಾರಿಸಿದರು. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಈ ಕೋವಿಗೆ ಸಿದ್ಧ ತೋಟಾ ಇರಲಿಲ್ಲ; ಪ್ರತಿ ಈಡನ್ನೂ ಬೇಟೆಗಾರನೇ ಅಳೆಯಬೇಕಾಗಿತ್ತು. ಸೀಸದ ಗುಂಡನ್ನು ಅಂಗೈಯಲ್ಲಿಟ್ಟು, ಅದು ಮುಚ್ಚುವವರೆಗೆ ಮದ್ದು ಸುರಿದರೆ ಅದೇ ಸರಿಯಾದ ಅಳತೆ ಎಂಬುದು ಆ ಕಾಲದ ಪ್ರಸಿದ್ಧ ಜನಪದ ಸೂತ್ರ. ಮದ್ದು ಮತ್ತು ಸೀಸಗಳೆರಡೂ ದುಬಾರಿಯಾಗಿದ್ದ ಗಡಿನಾಡಿನಲ್ಲಿ ಅಗತ್ಯಕ್ಕಿಂತ ಹೆಚ್ಚು ತುಂಬುವುದು ಜಾಣತನವೆನಿಸುತ್ತಿರಲಿಲ್ಲ. ಪ್ರಾಣಿಯ ಗಾತ್ರ ಮತ್ತು ದೂರವನ್ನು ನೋಡಿ ಅಳತೆಯನ್ನು ಏರಿಳಿಸುವುದು ಬೇಟೆಗಾರನ ಕೌಶಲದ ಭಾಗವೇ ಆಗಿತ್ತು.

19ನೆಯ ಶತಮಾನದ ಕೊನೆಯಲ್ಲಿ ಹೊಗೆರಹಿತ ಮದ್ದು ಬಂದಾಗ ಈ ಸ್ವಾತಂತ್ರ್ಯವು ಬೇಟೆಗಾರನ ಕೈತಪ್ಪಿ ಕಾರ್ಖಾನೆಯ ಪಾಲಾಯಿತು. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1894 ಮಾದರಿಯ ಕೋವಿಗಾಗಿ 1895ರಲ್ಲಿ ಬಂದ .30-30 ತೋಟಾ ಹಲವು ತಲೆಮಾರುಗಳ ಜಿಂಕೆ ಬೇಟೆಗೆ ಸಾಕಾಯಿತು. 1906ರಲ್ಲಿ ಸೇನೆಗಾಗಿ ಸಿದ್ಧವಾದ .30-06 ತೋಟಾ ಕ್ರಮೇಣ ಕಾಡಿಗೂ ಬಂದಿತು. 1963ರಲ್ಲಿ .300 ವಿಂಚೆಸ್ಟರ್ ಮ್ಯಾಗ್ನಮ್ ಬಂದಾಗ ಶಕ್ತಿಯ ಈ ಏರಿಕೆ ಇನ್ನೂ ಮುಂದುವರಿಯಿತು. ಆದರೆ ಬಿಳಿಬಾಲದ ಜಿಂಕೆಯ ಮೈಕಟ್ಟು ಈ ಅವಧಿಯಲ್ಲಿ ಬದಲಾಗಿರಲಿಲ್ಲ ಎಂಬುದು ಗಮನಾರ್ಹ.

ಹಾಗಾದರೆ ಬದಲಾದುದು ಏನು? ಬೇಟೆಯ ಬಿಡಾರದ ಆಚರಣೆಗಳು ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲುತ್ತವೆ. ದಕ್ಷಿಣದ ರಾಜ್ಯಗಳಲ್ಲಿ ಮೊದಲ ಜಿಂಕೆಯನ್ನು ಕೊಂದ ಹುಡುಗನ ಮುಖಕ್ಕೆ ಅದರ ನೆತ್ತರು ಬಳಿಯುವ ಸಂಪ್ರದಾಯವಿದೆ. ವಿಲಿಯಂ ಫಾಕ್ನರ್ ಅವರ ‘ಗೋ ಡೌನ್, ಮೋಸಸ್’ (1942) ಕೃತಿಯಲ್ಲಿ ಈ ದೀಕ್ಷೆಯ ಚಿತ್ರಣವಿದೆ. ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚನ್ನು ಕತ್ತರಿಸಿ ಬಿಡಾರದಲ್ಲಿ ತೂಗುಹಾಕುವುದು ಇದರ ಮತ್ತೊಂದು ಮುಖ. ಗುರಿ ತಪ್ಪುವುದು ಅವಮಾನವಾಗಿರುವ ಸಮುದಾಯದಲ್ಲಿ ಕೋವಿಯ ಒದೆತಕ್ಕೆ ಅಂಜುತ್ತೇನೆಂದು ಬಾಯಿಬಿಟ್ಟು ಹೇಳುವುದು ಸುಲಭವಲ್ಲ. ದೊಡ್ಡ ಕೋವಿಯನ್ನು ಸಹಿಸುವುದು ಗಂಡಸುತನದ ಗುರುತಾದದ್ದು ಇಂಥ ವಾತಾವರಣದಲ್ಲಿ.

ಇದರ ಪರಿಣಾಮವನ್ನು ಅನುಭವಿಸುವುದು ಜಿಂಕೆ. ಒದೆತವನ್ನು ನಿರೀಕ್ಷಿಸಿದ ದೇಹವು ಗುಂಡು ಹಾರುವ ಮೊದಲೇ ಬೆಚ್ಚುತ್ತದೆ. ಕಣ್ಣು ಮುಚ್ಚುತ್ತದೆ, ಬೆರಳು ಟ್ರಿಗರನ್ನು ಜಗ್ಗುತ್ತದೆ. ಶ್ವಾಸಕೋಶಕ್ಕೆ ತಾಗಬೇಕಾದ ಗುಂಡು ಹೊಟ್ಟೆಗೋ ಕಾಲಿಗೋ ತಾಗುತ್ತದೆ. ಹಾಗೆ ಗಾಯಗೊಂಡ ಜಿಂಕೆ ಪೊದೆಗಳ ನಡುವೆ ಮರೆಯಾಗಿ, ಯಾರ ಕೈಗೂ ಸಿಗದೆ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಎಷ್ಟೇ ಪ್ರಬಲವಾದ ತೋಟಾ ಆದರೂ ತಪ್ಪು ಜಾಗಕ್ಕೆ ಬಿದ್ದ ಪೆಟ್ಟನ್ನು ಸರಿಪಡಿಸಲಾರದು.

ಒದೆತದ ಲೆಕ್ಕ ಸರಳವಾದುದು. ಗುಂಡಿನ ತೂಕ, ಅದರ ವೇಗ ಮತ್ತು ಉರಿದ ಮದ್ದಿನ ತೂಕ ಹೆಚ್ಚಿದಂತೆ ಒದೆತ ಹೆಚ್ಚುತ್ತದೆ. ಕೋವಿಯ ತೂಕ ಹೆಚ್ಚಿದಂತೆ ಕಡಿಮೆಯಾಗುತ್ತದೆ. ಸುಮಾರು 3.6 ಕಿಲೋಗ್ರಾಂ ತೂಕದ .30-06 ಕೋವಿಯಿಂದ 11.7 ಗ್ರಾಂ ಗುಂಡು ಸೆಕೆಂಡಿಗೆ 820 ಮೀಟರ್ ವೇಗದಲ್ಲಿ ಹೊರಟರೆ ಒದೆತದ ಶಕ್ತಿ ಸುಮಾರು 30 ಜೌಲ್. ರೆಮಿಂಗ್ಟನ್ ಕಂಪನಿಯು 2000ರ ದಶಕದಲ್ಲಿ ಮಾರುಕಟ್ಟೆಗೆ ತಂದ ಕಡಿಮೆ ಒದೆತದ ತೋಟಾದಲ್ಲಿ ಗುಂಡಿನ ತೂಕ 8.1 ಗ್ರಾಂ, ವೇಗ ಸುಮಾರು 810 ಮೀಟರ್. ಮದ್ದು ಕೂಡ ಕಡಿಮೆಯಾದ ಕಾರಣ ಒದೆತವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅಂದರೆ ಅದು ಹಳೆಯ .30-30 ಕೋವಿಯ ಒದೆತಕ್ಕೆ ಸಮೀಪ ಬಂದು ನಿಲ್ಲುತ್ತದೆ. ಹೊಸ ಸರಕೆಂದು ಮಾರಾಟವಾದದ್ದು ಒಂದರ್ಥದಲ್ಲಿ ಅಜ್ಜನ ಅಳತೆಯೇ.

ಸ್ವತಃ ತೋಟಾ ತುಂಬಿಕೊಳ್ಳುವ ಬೇಟೆಗಾರರಲ್ಲಿ ಅಂಗೈ ಅಳತೆಯ ಹೊಸ ರೂಪವನ್ನೂ ಕಾಣಬಹುದು. ಹಾಜ್ಡನ್ ಕಂಪನಿಯ ಎಚ್-4895 ಮದ್ದನ್ನು, ಅದಕ್ಕೆ ಪಟ್ಟಿ ಇರುವ ತೋಟಾಗಳಲ್ಲಿ, ಗರಿಷ್ಠ ಪ್ರಮಾಣದ ಶೇ. 60ರವರೆಗೆ ಇಳಿಸಬಹುದೆಂಬುದು ಆ ಕಂಪನಿಯೇ ನೀಡಿರುವ ಸೂತ್ರ. ಆದರೆ ಇದು ಎಲ್ಲ ಮದ್ದಿಗೂ ಅನ್ವಯಿಸದು. ನಿಧಾನವಾಗಿ ಉರಿಯುವ ಕೆಲವು ಮದ್ದುಗಳನ್ನು ಮಿತಿಮೀರಿ ಕಡಿಮೆ ತುಂಬಿದಲ್ಲಿ ಒತ್ತಡವು ಅನಿರೀಕ್ಷಿತವಾಗಿ ಏರಿ ಕೋವಿಯೇ ಸಿಡಿಯುವ ಅಪಾಯವುಂಟು. ಗುಂಡಿನ ಆಯ್ಕೆಯಲ್ಲಿಯೂ ಎಚ್ಚರ ಅಗತ್ಯ. ಹೆಚ್ಚಿನ ವೇಗಕ್ಕಾಗಿ ಗಟ್ಟಿಯಾಗಿ ರೂಪಿಸಿದ ಗುಂಡು ಕಡಿಮೆ ವೇಗದಲ್ಲಿ ಅರಳದೆ ಕಿರಿದಾದ ಗಾಯವನ್ನಷ್ಟೇ ಮಾಡಿ ಹಾದುಹೋಗಬಹುದು. ಆದ್ದರಿಂದ ಬೇಗ ಅರಳುವ ಮೃದು ತುದಿಯ ಗುಂಡು, ಸುಮಾರು 200 ಗಜದೊಳಗಿನ ದೂರ, ಎದೆಗೂಡಿನ ಗುರಿ ಎಂಬ ಮೂರು ನಿಯಮಗಳು ಈ ಆಯ್ಕೆಯೊಡನೆ ಬರುತ್ತವೆ.

ಇದಕ್ಕೆ ಎದುರಾಗಿ, ಜಿಂಕೆಗೆ ಕನಿಷ್ಠ 1000 ಅಡಿ-ಪೌಂಡ್ ಶಕ್ತಿ ಬೇಕೆಂಬ ಮಾತು ಬೇಟೆ ಬರಹಗಳಲ್ಲಿ ಗಾದೆಯಂತೆ ಪುನರಾವರ್ತನೆಯಾಗುತ್ತದೆ. ಕೊಲೊರಾಡೊ ರಾಜ್ಯದ ಬೇಟೆ ನಿಯಮಗಳಲ್ಲಿ ಇದೇ ಸಂಖ್ಯೆ 100 ಗಜ ದೂರದ ಕನಿಷ್ಠ ಮಿತಿಯಾಗಿ ಸೇರಿಕೊಂಡಿದೆ. ನೆನಪಿಡಲು ಸುಲಭವಾದ ಸಂಖ್ಯೆಯೊಂದು ಶಾಸನವಾದದ್ದು ಮುದ್ರಣಯುಗದ ಜಾನಪದಕ್ಕೆ ಒಳ್ಳೆಯ ನಿದರ್ಶನ. ಮೇಲೆ ಹೇಳಿದ ಕಡಿಮೆ ಒದೆತದ ತೋಟಾ ಈ ಮಿತಿಯನ್ನೂ ದಾಟುತ್ತದೆ ಎಂಬುದು ಇಲ್ಲಿ ಮುಖ್ಯ. ಬೇಟೆ ಲೇಖಕ ಜಾಕ್ ಓಕಾನರ್ ಅವರ ಪತ್ನಿ ಎಲೀನರ್ ಅವರು ಸೌಮ್ಯ ಒದೆತದ 7×57 ಮೌಸರ್ ಕೋವಿಯಿಂದಲೇ ದೊಡ್ಡ ಪ್ರಾಣಿಗಳನ್ನು ಬೇಟೆಯಾಡಿ ಹೆಸರಾದರು. ಆದರೂ ಇಂಥ ಕೋವಿಗಳಿಗೆ ‘ಹೆಂಗಸರ, ಮಕ್ಕಳ ಕೋವಿ’ ಎಂಬ ಹಣೆಪಟ್ಟಿ ಬಹುಕಾಲ ಉಳಿಯಿತು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಜಿಂಕೆ ಬೇಟೆ ನಿಷಿದ್ಧವಾಗಿದೆ. ಕರ್ನಾಟಕದಲ್ಲಿ ಕೋವಿಯ ಸಂಸ್ಕೃತಿ ಜೀವಂತವಾಗಿರುವ ಕೊಡಗಿನಲ್ಲಿ, ಕೈಲ್‌ಪೊಳ್ದ್ ಹಬ್ಬದಂದು ಆಯುಧಪೂಜೆಯ ಬಳಿಕ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಮೆಚ್ಚುಗೆ ಸಲ್ಲುವುದು ಗುರಿಗೆ, ಕೋವಿಯ ಬಲಕ್ಕಲ್ಲ. ಅಮೆರಿಕದ ಬೇಟೆಗಾರ ಕಡಿಮೆ ಒದೆತದ ತೋಟಾವನ್ನು ಆರಿಸಿಕೊಂಡಾಗ ಆತನೂ ಇದೇ ಮೌಲ್ಯಕ್ಕೆ ಮರಳುತ್ತಾನೆ. ತನ್ನ ಭುಜ ಎಷ್ಟನ್ನು ಬೆಚ್ಚದೆ ತಾಳಬಲ್ಲುದೆಂಬುದನ್ನು ಒಪ್ಪಿಕೊಂಡು ಈಡನ್ನು ಅಳೆಯುವುದು ದೌರ್ಬಲ್ಯವಲ್ಲ. ಕೊಲ್ಲುವ ಪ್ರಾಣಿಯ ಬಗ್ಗೆ ಬೇಟೆಗಾರ ಹೊರಬೇಕಾದ ಹೊಣೆ ಎಂದು ಈ ಚರಿತ್ರೆಯಿಂದ ತಿಳಿಯಬಹುದಾಗಿದೆ.